ರಟ್ಟಿನ ಹುಡುಗಿಯ ಪಕ್ಕನೋಟ

ಮುದ್ರಣಾಲಯದ ಮೇಲಂತಸ್ತಿನ ವಿನ್ಯಾಸ ವಿಭಾಗದಲ್ಲಿ ಅವಳನ್ನು ಎಲ್ಲರೂ ಮೂಗುಮುರುಕಿ ಎನ್ನುತ್ತಿದ್ದರು. ಬೆನ್ನ ಹಿಂದೆಯೇ ಅನ್ನುತ್ತಿದ್ದರು, ನಿಜ. ಆದರೆ ಆ ಕೋಣೆಯಲ್ಲಿ ಯಾರ ಬೆನ್ನೂ ಅಷ್ಟು ದೂರವಿರಲಿಲ್ಲ. ಎರಡು ಮೇಜಿನಾಚೆ ಕೂತವಳಿಗೆ ಎಲ್ಲ ಕೇಳಿಸುತ್ತಿತ್ತು. ಅವಳಿಗೇನೂ ಬೇಸರವಿರಲಿಲ್ಲ. ಮೂಗು ಮುರಿಯಬೇಕಾದದ್ದು ಜಗತ್ತಿನಲ್ಲಿ ಇಷ್ಟೊಂದು ಬಿದ್ದಿರುವಾಗ ಯಾರಾದರೊಬ್ಬರು ಆ ಕೆಲಸ ವಹಿಸಿಕೊಳ್ಳಬೇಕಲ್ಲ ಎಂದುಕೊಂಡು ಸುಮ್ಮನಿದ್ದಳು.

ಚಿತ್ರಕಲಾ ಶಾಲೆಯಲ್ಲಿದ್ದಾಗಲೇ ಮೇಷ್ಟ್ರ ಚಿತ್ರವೊಂದನ್ನು ನೋಡಿ ಕ್ಯಾಲೆಂಡರಿಗೆ ಆದೀತು ಅಂದವಳು ಅವಳು. ಮುಂದೆ ಅವಳದೇ ಚಿತ್ರಗಳ ಪ್ರದರ್ಶನವಾದಾಗ ಬಂದವರು ನೆಂಟರು ಮಾತ್ರ, ಅವರೂ ಬಿಸ್ಕತ್ತು ಮುಗಿಯುವತನಕ. ಜನಕ್ಕೆ ಕಣ್ಣಿಲ್ಲ ಎಂದು ತೀರ್ಮಾನಿಸಿ, ಕಣ್ಣಿಲ್ಲದ ಆ ಜನಕ್ಕೇ ಡಬ್ಬಿ, ಚೀಟಿ, ಚೀಲಗಳನ್ನು ವಿನ್ಯಾಸ ಮಾಡುವ ಕೆಲಸಕ್ಕೆ ಸೇರಿಕೊಂಡಳು. ನಡುವೆ ಒಮ್ಮೆ ಮದುವೆ ಗೊತ್ತಾಗಿತ್ತು. ಗಂಡಿನ ಕಡೆಯವರು ತಂದ ಆಮಂತ್ರಣ ಪತ್ರಿಕೆಯ ಬಳ್ಳಿಬಳ್ಳಿ ಅಕ್ಷರ ನೋಡಿ ಅವಳಿಗೆ ನಗು ಬಂತು. ಆರಿಸಿದ್ದು ನಾನೇ ಎಂದು ಹುಡುಗ ಹೇಳಿದ ಮೇಲೂ ನಗು ನಿಲ್ಲಲಿಲ್ಲ. ಮದುವೆ ನಿಂತಿತು.

ಮನೆಯಲ್ಲಿದ್ದದ್ದು ಅವಳು, ಮತ್ತು ತಾಯಿ ಹೋದ ಮೇಲೆ ಅವಳನ್ನು ಸಾಕಿದ ಚಿಕ್ಕಮ್ಮ. ಟೆಲಿಫೋನ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದ ಚಿಕ್ಕಮ್ಮನಿಗೆ ಇಷ್ಟವಾಗದ ವಸ್ತುವೇ ಇರಲಿಲ್ಲ. ಸೋಪಿನ ಜಾಹೀರಾತು ಬಂದರೂ ಅಡುಗೆಮನೆಯಿಂದ ಕೈ ಒರೆಸಿಕೊಂಡು ಓಡಿ ಬರುತ್ತಿದ್ದಳು. ಮಿಂಚುಳ್ಳಿ ಎಂಬ ಹೆಸರಿನಲ್ಲಿ ಹಾಡುತ್ತಿದ್ದ ಪಾಪ್ ಗಾಯಕಿಯೆಂದರಂತೂ ಪ್ರಾಣ. ಅವಳ ಹಾಡು ಗುನುಗುತ್ತಲೇ ಬಟ್ಟೆ ಮಡಚುತ್ತಿದ್ದಳು, ಅದೂ ಬೇರೆಯದೇ ರಾಗದಲ್ಲಿ. ಮೂಗುಮುರುಕಿ ಕಿವಿಗೆ ಹತ್ತಿ ತುರುಕಿಕೊಂಡು ಊಟ ಮಾಡುತ್ತಿದ್ದಳು.

ಅಂಥವಳ ಮೇಜಿಗೇ ಮಿಂಚುಳ್ಳಿಯ ಹೊಸ ಆಲ್ಬಮ್ಮಿನ ಕೆಲಸ ಬಂತು. ಆಲ್ಬಮ್ ತುಂಬುವ ಪೆಟ್ಟಿಗೆ, ಪೋಸ್ಟರು, ಬಸ್ಸಿನ ಬೆನ್ನಿಗೆ ಅಂಟಿಸುವ ಹಾಳೆ, ಅಂಗಡಿಗಳ ಮುಂದೆ ನಿಲ್ಲಿಸುವ ಆಳೆತ್ತರದ ರಟ್ಟಿನ ಕಟೌಟು, ಎಲ್ಲ ಇಲ್ಲೇ ಆಗಬೇಕು. ಯಜಮಾನ ಮೆಟ್ಟಿಲ ಬುಡಕ್ಕೇ ಇಳಿದು ಹೋಗಿ ಗಾಯಕಿಯನ್ನೂ ಅವಳ ತಾಯಿಯನ್ನೂ ಕರೆತಂದ. ಕೆಳಗೆ ರಟ್ಟು ಕತ್ತರಿಸುವ ಯಂತ್ರ ಓಡುವಾಗಲೆಲ್ಲ ಮೇಲಿನ ನೆಲ ನಡುಗುತ್ತಿತ್ತು. ಯಜಮಾನ ಅದಕ್ಕೂ ಕ್ಷಮೆ ಕೇಳಿದ.

ಮಾತಾಡಿದ್ದೆಲ್ಲ ತಾಯಿ. ಹುಡುಗಿ ಮೂಲೆಯ ಕುರ್ಚಿಯಲ್ಲಿ ಕೂತು ಹಣ್ಣಿನ ರಸದ ಕೊಳವೆಯನ್ನು ಕಡಿಯುತ್ತ ತನ್ನ ಫೋಟೋಗಳನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು. ಸಾಧಾರಣ ಹುಡುಗಿ. ಅಗಲ ಕೆನ್ನೆ, ತುದಿಯಲ್ಲಿ ಕೊಂಚ ದಪ್ಪಗಿರುವ ಮೂಗು, ಗಲ್ಲದ ಮೇಲೆ ಮಚ್ಚೆ. ಹಾಡು ಕೂಡ ಇಷ್ಟೇ ಸಾಧಾರಣ ಎಂದು ಮೂಗುಮುರುಕಿ ಆಗಲೇ ಷರಾ ಬರೆದುಕೊಂಡಳು. ಹಾಡನ್ನು ಅವಳು ನೆಟ್ಟಗೆ ಕೇಳಿರಲಿಲ್ಲ. ಕೇಳುವ ಅಗತ್ಯವೂ ಕಾಣಲಿಲ್ಲ.

ತಾಯಿಯ ಬೇಡಿಕೆಗಳೆಲ್ಲ ಅರ್ಧಕ್ಕೆ ನಿಲ್ಲುವಂಥವು. ಮುಖ ಇದೇ ಇರಲಿ, ಆದರೆ ಇನ್ನೂ ಸ್ವಲ್ಪ, ಅನ್ನುವಳು. ಸ್ವಲ್ಪ ಏನು ಎಂದು ಕೇಳಿದರೆ ಗಾಳಿಯಲ್ಲಿ ಬೆರಳಾಡಿಸುವಳು. ಮಚ್ಚೆ ಹೋಯಿತು. ಕೆನ್ನೆ ಒಳಗೆ ಸರಿಯಿತು. ಕತ್ತು ಉದ್ದವಾಯಿತು. ಪ್ರತಿ ಸಲವೂ ತಾಯಿ ಕಂಪ್ಯೂಟರ್ ಪರದೆಗೆ ಮುಖ ತಾಗಿಸಿ ನೋಡಿ, ಇನ್ನೂ ಸ್ವಲ್ಪ, ಎಂದು ಹೋಗುವಳು. ಮೂಗುಮುರುಕಿಗೆ ರೋಸಿಹೋಯಿತು. ಈ ಹೆಂಗಸಿಗೆ ತನ್ನ ಮೂರ್ಖತನ ತನಗೇ ಕಾಣುವಂತೆ ಮಾಡುತ್ತೇನೆ ಎಂದು, ಪರದೆಯ ಮೇಲಿನ ಹುಡುಗಿಯ ಮೂಗನ್ನು ಹಿಡಿದು ಎಳೆದಳು. ಪೆನ್ಸಿಲಿನಷ್ಟು ಸಪೂರ, ತುದಿಯಲ್ಲಿ ಹಕ್ಕಿಯ ಕೊಕ್ಕಿನಷ್ಟು ಚೂಪು. ಇಂಥ ಮೂಗಿನಲ್ಲಿ ಉಸಿರಾಡಿದರೆ ಸೀಟಿ ಕೇಳಿಸಬೇಕು. ಪಕ್ಕದ ಮೇಜಿನ ಗುಂಗುರುಕೂದಲಿನವನನ್ನು ಕರೆದು ತೋರಿಸಿ ಇಬ್ಬರೂ ಹೊಟ್ಟೆ ಹಿಡಿದು ನಕ್ಕರು.

ತಾಯಿ ಬಂದು ನೋಡಿದಳು. ಅವಳ ಕಣ್ಣು ತುಂಬಿ ಬಂತು. ಕೊನೆಗೂ ನನ್ನ ಮಗಳು ಸಿಕ್ಕಿದಳು ಎಂದು ಮೂಗುಮುರುಕಿಯ ಕೈ ಹಿಡಿದುಕೊಂಡಳು.

ಇದು ತಮಾಷೆ ಎಂದು ಹೇಳಲು ಆಗ ಬಾಯಿ ಬರಲಿಲ್ಲ. ಹೇಳುವ ಮನಸ್ಸೂ ಇರಲಿಲ್ಲ. ಬೇಕಾದ್ದು ಸಿಕ್ಕಿತಲ್ಲ, ಸಾಯಲಿ, ಎಂದು ಕಡತವನ್ನು ಅಚ್ಚಿಗೆ ಕಳಿಸಿಬಿಟ್ಟಳು.

ಆ ಮೂಗು ಊರೆಲ್ಲ ಹರಡಿತು. ಬಸ್ಸುಗಳ ಬೆನ್ನ ಮೇಲೆ ಹೊಗೆ ಕುಡಿಯುತ್ತ ಓಡಾಡಿತು, ಗೋಡೆಗಳ ಮೇಲೆ ಸಾಲಾಗಿ ನಿಂತಿತು. ಪೆಟ್ಟಿಗೆಯಲ್ಲಿ ಫೋಟೋ ಕಾರ್ಡುಗಳಿದ್ದವು, ಸ್ಟಿಕ್ಕರುಗಳಿದ್ದವು, ಕೂದಲಿಗೆ ಕಟ್ಟುವ ರಿಬ್ಬನ್ನಿತ್ತು, ಸುಗಂಧ ಸವರಿದ ಒಂದು ಹಾಳೆಯಿತ್ತು. ತಳದಲ್ಲಿ ಹಾಡುಗಳ ಒಂದು ಡಿಸ್ಕೂ ಇತ್ತು. ಪೆಟ್ಟಿಗೆ ಕೊಂಡವರಲ್ಲಿ ಯಾರ ಮನೆಯಲ್ಲೂ ಅದನ್ನು ಹಾಕಿ ಕೇಳುವ ಯಂತ್ರವಿರಲಿಲ್ಲ, ಯಾರೂ ದೂರಲೂ ಇಲ್ಲ. ಚಿಕ್ಕಮ್ಮ ಆ ಡಿಸ್ಕನ್ನು ದಾರ ಕಟ್ಟಿ ಬಾಲ್ಕನಿಯಲ್ಲಿ ತೂಗುಹಾಕಿದಳು. ಹೊಳಪಿಗೆ ಹೆದರಿ ಪಾರಿವಾಳಗಳು ಬರುವುದು ನಿಂತಿತು. ಮಿಂಚುಳ್ಳಿಯಿಂದ ಲೋಕಕ್ಕಾದ ಮೊದಲ ಉಪಕಾರ ಎಂದು ಮೂಗುಮುರುಕಿ ಅಂದಳು.

ಬಿಡುಗಡೆಯ ಕಾರ್ಯಕ್ರಮ ಒಂದು ದೊಡ್ಡ ಮಳಿಗೆಯ ನೆಲಮಹಡಿಯಲ್ಲಿತ್ತು. ಪಾಸು ಸಿಕ್ಕಿದ್ದರಿಂದ ಚಿಕ್ಕಮ್ಮ ಬೆಳಗ್ಗೆಯಿಂದಲೇ ಸೀರೆ ಉಟ್ಟು ಕೂತಿದ್ದಳು. ಅವಳೊಬ್ಬಳನ್ನೇ ಕಳಿಸಲು ಆಗದೆ ಮೂಗುಮುರುಕಿಯೂ ಹೋದಳು. ಗಾಜಿನ ಬಾಗಿಲಿನಿಂದ ವೇದಿಕೆಯವರೆಗೆ ರಟ್ಟಿನ ಮಿಂಚುಳ್ಳಿಗಳ ಎರಡು ಸಾಲು, ಒಬ್ಬೊಬ್ಬಳ ಮುಂದೆಯೂ ಫೋಟೋ ತೆಗೆಸಿಕೊಳ್ಳುವ ಗುಂಪು. ನಿಜವಾದ ಹುಡುಗಿ ಇನ್ನೂ ಅಲಂಕಾರ ಮಾಡಿಕೊಂಡಿರಲಿಲ್ಲ. ಹಳೆಯ ಅಂಗಿ ತೊಟ್ಟು, ತಾಯಿಯ ಕಣ್ಣು ತಪ್ಪಿಸಿ, ತನ್ನ ಕಟೌಟು ಹೇಗಿದೆ ನೋಡಲು ಒಬ್ಬಳೇ ಬಂದು ಒಂದರ ಪಕ್ಕ ನಿಂತಿದ್ದಳು.

ಚಿಕ್ಕಮ್ಮ ನೇರ ಅವಳ ಹತ್ತಿರ ಹೋಗಿ ಭುಜ ಮುಟ್ಟಿದಳು. "ಏನಮ್ಮಾ, ಸ್ವಲ್ಪ ಆ ಕಡೆ ಸರೀತೀಯಾ? ನೀನು ಅಡ್ಡ ನಿಂತ್ರೆ ಅವಳು ಕಾಣಲ್ಲ."

ಹುಡುಗಿ ಸರಿದಳು. ಚಿಕ್ಕಮ್ಮ ರಟ್ಟಿನ ಸೊಂಟಕ್ಕೆ ಕೈ ಹಾಕಿ ನಿಂತು, ಫೋಟೋ ತೆಗೆಯುವವರು ಯಾರೂ ಇಲ್ಲವೆಂದು ನೆನಪಾಗಿ, ಫೋನನ್ನು ಆ ಹುಡುಗಿಯ ಕೈಗೇ ಕೊಟ್ಟಳು. ಹುಡುಗಿ ಅದನ್ನು ಅಡ್ಡ ಹಿಡಿದು, ಉದ್ದ ಹಿಡಿದು, ಆಂಟಿ ಸ್ವಲ್ಪ ನಗಿ ಎಂದು ಹೇಳಿ, ಚೆನ್ನಾಗಿಯೇ ತೆಗೆದುಕೊಟ್ಟಳು. ನಾಲ್ಕು ಹೆಜ್ಜೆಯಾಚೆ ನಿಂತಿದ್ದ ಮೂಗುಮುರುಕಿ ಎಲ್ಲವನ್ನೂ ನೋಡಿದಳು. ಮೊದಲು ನಗು ಉಕ್ಕಿ ಬಂತು. ಹುಡುಗಿ ಫೋನನ್ನು ಹಿಂದಿರುಗಿಸಿ, ಕಟೌಟಿನ ಮುಖವನ್ನು ಒಮ್ಮೆ ನೋಡಿ, ಒಳಗೆ ಹೋಗುವಾಗ ತನ್ನ ಮೂಗನ್ನು ಎರಡು ಬೆರಳಿನಿಂದ ಒತ್ತಿ ಹಿಡಿದುಕೊಂಡಳು. ನಗು ಅಲ್ಲೇ ಇಂಗಿತು.

ವೇದಿಕೆಗೆ ಬಂದಾಗಲೂ ಅಷ್ಟೇ. ಎಷ್ಟು ಬಣ್ಣ ಬಳಿದಿದ್ದರೂ ಜನ ಒಂದು ಗಳಿಗೆ ಗಲಿಬಿಲಿಗೊಂಡು, ಅವಳ ಹಿಂದೆ ಇನ್ನೂ ಯಾರೋ ಬರುತ್ತಾರೆ ಎಂಬಂತೆ ಪರದೆಯ ಕಡೆ ನೋಡಿದರು. ಆಮೇಲೆ ಚಪ್ಪಾಳೆ ತಟ್ಟಿದರು. ಆ ಒಂದು ಗಳಿಗೆಯನ್ನು ತಾಯಿ ಮರೆಯಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಪೋಸ್ಟರು ಬದಲಿಸುತ್ತಿದ್ದರು. ಈಕೆ ಮಗಳನ್ನೇ ಬದಲಿಸಲು ಹೊರಟಳು.

ಅದು ತಿಳಿದದ್ದು ಒಬ್ಬ ಶಸ್ತ್ರವೈದ್ಯನ ಸಹಾಯಕಿ ಫೋನು ಮಾಡಿದಾಗ. ನೀವು ಮಾಡಿದ ಮುಖ ಮುಂದಿನಿಂದ ಚೆನ್ನಾಗಿ ಕಾಣುತ್ತಿದೆ, ಪಕ್ಕದಿಂದ ಹೇಗಿರಬೇಕು ಎಂದೂ ಒಂದು ಚಿತ್ರ ಕಳಿಸಿ, ಡಾಕ್ಟರಿಗೆ ಅಳತೆ ಬೇಕು, ಎಂದು ಆ ಹೆಂಗಸು ಪರದೆ ಬಟ್ಟೆಗೆ ಅಳತೆ ಕೇಳುವ ಧಾಟಿಯಲ್ಲಿ ಹೇಳಿದಳು.

ಪಕ್ಕದಿಂದ ಅದು ಹೇಗೂ ಇರಲಿಲ್ಲ. ರಟ್ಟಿನ ಹುಡುಗಿಗೆ ಪಕ್ಕವೇ ಇಲ್ಲ. ಪಕ್ಕದಿಂದ ನೋಡಿದರೆ ಅವಳು ಒಂದು ಗೆರೆ. ಮೂಗುಮುರುಕಿ ಹಳೆಯ ಕಡತ ತೆರೆದು, ತಿದ್ದದೆ ಬಿಟ್ಟಿದ್ದ ಫೋಟೋಗಳಲ್ಲಿ ಹುಡುಗಿ ಕಿಟಕಿಯ ಕಡೆ ತಿರುಗಿದ್ದ ಒಂದನ್ನು ಹುಡುಕಿದಳು. ಹಣೆಯಿಂದ ಇಳಿದು ತುದಿಯಲ್ಲಿ ಕೊಂಚ ದುಂಡಗಾಗಿ ನಿಲ್ಲುವ ಮೂಗು. ಎಷ್ಟು ಹೊತ್ತು ನೋಡಿದರೂ ಅದರಲ್ಲಿ ತಿದ್ದುವಂಥದ್ದು ಏನೂ ಕಾಣಲಿಲ್ಲ. ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿಯೇ ಅನ್ನ ತಿಂದವಳಿಗೆ ಇದೊಂದು ಹೊಸ ಪೇಚು.

ತಾಯಿಗೆ ಹೇಳಿ ಪ್ರಯೋಜನವಿಲ್ಲ ಎಂದು ನೇರ ಹುಡುಗಿಗೇ ಫೋನು ಮಾಡಿದಳು. ಅಮ್ಮನ ಒತ್ತಾಯಕ್ಕೆ ಒಪ್ಪಬೇಡ ಎಂದು ಹೇಳುವುದು ಅವಳ ಲೆಕ್ಕಾಚಾರ. ಪಾಪದ ಹುಡುಗಿ, ತನ್ನ ಮಾತಿಗಾಗಿ ಕಾಯುತ್ತಿರುತ್ತಾಳೆ ಎಂದುಕೊಂಡಿದ್ದಳು.

"ಅಮ್ಮ ಅಲ್ಲ, ನಾನೇ ಕೇಳಿದ್ದು," ಅಂದಳು ಹುಡುಗಿ. "ಅಮ್ಮ ಮೊದಲು ಹೆದರಿದ್ರು."

"ನೋಡು, ಆ ಮೂಗು ನಾನು ತಮಾಷೆಗೆ ಮಾಡಿದ್ದು."

"ಯಾರನ್ನ ತಮಾಷೆ ಮಾಡೋಕೆ?"

ಮೂಗುಮುರುಕಿ ನಿನ್ನ ಅಮ್ಮನನ್ನು ಎಂದು ಹೇಳಹೊರಟು, ಅದು ಪೂರ್ತಿ ನಿಜವಲ್ಲವೆಂದು ಹೊಳೆದು, ಪರದೆಯ ಮೇಲೆ ತೆರೆದಿದ್ದ ಆ ಫೋಟೋವನ್ನು ಮುಚ್ಚಿದಳು.

"ಅವತ್ತು ಒಬ್ರು ಆಂಟಿ ನನ್ನ ಪಕ್ಕಕ್ಕೆ ಸರಿ ಅಂದ್ರು," ಹುಡುಗಿ ಮುಂದುವರಿಸಿದಳು. "ನನಗೆ ಕೋಪ ಬರ್ಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ರೂ ಅದನ್ನೇ ಹೇಳ್ತಿದ್ದೆ. ಅವಳೇ ಚೆನ್ನಾಗಿದ್ಳು. ನೀವು ಆ ಪಕ್ಕದ ಚಿತ್ರ ಮಾತ್ರ ಸರಿಯಾಗಿ ಬರೆದುಕೊಡಿ, ಸಾಕು. ಕೆಡಿಸಬೇಡಿ."

ಫೋನಿಟ್ಟ ಮೇಲೆ ಅವಳಿಗೆ ಬಂದದ್ದು ಹಳೆಯ ತಾತ್ಸಾರವೇ. ಮಗಳೂ ತಾಯಿಯ ಅಚ್ಚೇ, ಹಾಳಾಗಿ ಹೋಗಲಿ, ಎಂದು ಬೈದುಕೊಂಡಳು. ಆದರೆ ಆ ಮೂಗನ್ನು ಎಳೆದ ಕೈ ಯಾರದು ಎಂಬುದು ಅವಳಿಗೊಬ್ಬಳಿಗೇ ಗೊತ್ತಿದ್ದದ್ದೇನಲ್ಲ, ಗುಂಗುರುಕೂದಲಿನವನೂ ನಕ್ಕಿದ್ದ.

ಪಕ್ಕದ ಚಿತ್ರ ಬರೆಯುವುದಿಲ್ಲ ಎಂದು ಯಜಮಾನನಿಗೆ ಹೇಳಿದಳು. ಇಷ್ಟು ದಿನ ಇಲ್ಲದ ಮಡಿವಂತಿಕೆ ಈಗೆಲ್ಲಿಂದ ಬಂತು ಎಂದು ಅವನು ಕೇಳಿದ. ಅವನು ಕೆಲಸವನ್ನು ಗುಂಗುರುಕೂದಲಿನವನಿಗೆ ವಹಿಸಿದ. ಅವನು ತಲೆಕೆಡಿಸಿಕೊಳ್ಳುವ ಪೈಕಿಯಲ್ಲ. ಹಿಂದೆ ಮಾಡಿದ್ದ ಒಂದು ಟೂತ್‌ಪೇಸ್ಟ್ ಜಾಹೀರಾತಿನ ಹೆಂಗಸಿನ ಮೂಗನ್ನು ಪಕ್ಕದಿಂದ ಕತ್ತರಿಸಿ, ಹುಡುಗಿಯ ಹಣೆಯ ಕೆಳಗೆ ಅಂಟಿಸಿ, ಚಹಾ ತಣ್ಣಗಾಗುವುದರೊಳಗೆ ಕಳಿಸಿಕೊಟ್ಟ. ಬಹಳ ಚೆನ್ನಾಗಿದೆ ಎಂದು ಡಾಕ್ಟರ ಕಡೆಯಿಂದ ಮೆಚ್ಚುಗೆಯೂ ಬಂತು. ಟೂತ್‌ಪೇಸ್ಟಿನ ಆ ಮೂಗು ಮಿಂಚುಳ್ಳಿಯ ಮುಖಕ್ಕೆ ಬಂದು ಕೂತಿತು.

ಯಾವ ಅನಾಹುತವೂ ಆಗಲಿಲ್ಲ. ಅನಾಹುತವಾಗಿದ್ದರೆ ಮೂಗುಮುರುಕಿಗೆ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು. ಹಾಡುವಾಗ ಹುಡುಗಿ ಬಾಯಿಂದ ಉಸಿರೆಳೆಯತೊಡಗಿದಳಂತೆ. ಧ್ವನಿಮುದ್ರಣದವರು ಆ ಸದ್ದನ್ನು ಒರೆಸಿಹಾಕಿದರು. ಹಾಡುಗಳು ಮೊದಲಿಗಿಂತ ಹೆಚ್ಚು ಓಡಿದವು. ಟೀವಿಯಲ್ಲಿ ಅವಳನ್ನು ನೋಡಿ ಚಿಕ್ಕಮ್ಮ, ಥೇಟ್ ಪೋಸ್ಟರಿನ ಹಾಗೇ ಇದ್ದಾಳೆ ಎಂದು ಹಿಗ್ಗಿದಳು.

ಆಗ ಮೂಗುಮುರುಕಿ ತಡೆಯಲಾರದೆ, ನೀನು ಪಕ್ಕಕ್ಕೆ ಸರಿಸಿ ಫೋಟೋ ತೆಗೆಸಿದವಳೇ ಅವಳು ಎಂದು ಹೇಳಿಬಿಟ್ಟಳು. ಚಿಕ್ಕಮ್ಮ ನಂಬಲಿಲ್ಲ. ನಂಬಿದ ಮೇಲೆ ಟೀವಿ ಆರಿಸಿದಳು. ಫೋನು ತೆಗೆದು ಆ ಫೋಟೋ ಹುಡುಕಿದಳು. ಅದರಲ್ಲಿದ್ದದ್ದು ರಟ್ಟು ಮತ್ತು ತಾನು.

"ಹಾಗಾದ್ರೆ ಅವಳು ನೋಡೋಕೆ ಹೇಗಿದ್ಳು?" ಎಂದು ಕೇಳಿದಳು. "ನಾನು ಮುಖ ನೋಡ್ಲೇ ಇಲ್ವಲ್ಲೇ."

ಮೂಗುಮುರುಕಿಗೆ ಗೊತ್ತಿತ್ತು. ಕೆನ್ನೆ ಅಗಲ ಇತ್ತು, ಗಲ್ಲದ ಮೇಲೆ ಮಚ್ಚೆ ಇತ್ತು, ಮೂಗು ತುದಿಯಲ್ಲಿ ಸ್ವಲ್ಪ ದಪ್ಪ, ಚೆನ್ನಾಗಿದ್ದಳು ಎಂದಳು. ಚೆನ್ನಾಗಿದ್ದಳು ಎಂಬ ಮಾತು ಅವಳ ಬಾಯಲ್ಲಿ ಕೇಳಿ ಚಿಕ್ಕಮ್ಮ ತಿರುಗಿ ನೋಡಿದಳು. ನಿನಗೆ ಮೈ ಸರಿಯಿಲ್ಲವಾ ಎಂದು ಹಣೆ ಮುಟ್ಟಿದಳು.

ಆಮೇಲೆ ಮೂಗುಮುರುಕಿ ಮುಖಗಳ ಕೆಲಸ ಬಿಟ್ಟಳು. ಕೆಲಸಕ್ಕೆ ರಾಜೀನಾಮೆ ಕೊಡುವಷ್ಟು ದೊಡ್ಡ ಆತ್ಮಸಾಕ್ಷಿ ಅವಳದಾಗಿರಲಿಲ್ಲ. ಪೆಟ್ಟಿಗೆ ಮಾತ್ರ ಮಾಡುತ್ತೇನೆ, ಮುಖ ಬೇರೆಯವರು ನೋಡಿಕೊಳ್ಳಲಿ, ಎಂದಳು. ಸಂಬಳ ಹಾಗೇ ಉಳಿಯಿತು, ಮರ್ಯಾದೆ ಒಂದು ಮೆಟ್ಟಿಲು ಇಳಿಯಿತು. ರಟ್ಟಿನ ದಪ್ಪ, ಮಡಿಕೆಯ ಗೆರೆ, ಅಂಟಿನ ಪಟ್ಟಿ, ಇಷ್ಟರಲ್ಲೇ ದಿನ ಕಳೆಯುತ್ತಿದ್ದಳು. ಗುಂಗುರುಕೂದಲಿನವನು ತಿದ್ದುವ ಮುಖಗಳನ್ನು ಕಂಡಾಗ ಮೂಗು ಮುರಿಯುವುದೇನೂ ನಿಲ್ಲಲಿಲ್ಲ.

ಮುಂದಿನ ಆಲ್ಬಮ್ಮಿಗೆ ತಾಯಿ ಮಗಳು ಮತ್ತೆ ಬಂದರು. ತಾಯಿಗೆ ಈ ಸಲ ಗಲ್ಲ ಇನ್ನೂ ಸ್ವಲ್ಪ ಆಗಬೇಕಿತ್ತು. ಹೋದ ಸಲ ಮಾಡಿದವರೇ ಬೇಕು ಅಂದಳು. ಅವರೀಗ ಮುಖ ಮಾಡುವುದಿಲ್ಲ ಎಂದು ಯಜಮಾನ ಹೇಳಿದಾಗ, ಹಾಗಾದರೆ ಆಕೆ ಇಲ್ಲಿ ಕೂತು ಮಾಡುವುದೇನು ಎಂದು, ಕೇಳಿಸುವ ಹಾಗೇ ಕೇಳಿದಳು. ಡಬ್ಬಿ ಎಂದು ಯಜಮಾನ ದನಿ ತಗ್ಗಿಸಿ ಹೇಳಿದ.

ಅವರು ಗಲ್ಲದ ವಿಷಯ ಚರ್ಚಿಸುತ್ತಿರುವಾಗ ಹುಡುಗಿ ಎದ್ದು ಮೂಗುಮುರುಕಿಯ ಮೇಜಿನ ಹತ್ತಿರ ಬಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹುಡುಗಿ ಮೇಜಿನ ಮೇಲಿದ್ದ ಬಿಳಿ ರಟ್ಟಿನ ಖಾಲಿ ಪೆಟ್ಟಿಗೆಯ ಮಾದರಿಯನ್ನು ಎತ್ತಿಕೊಂಡು ಅತ್ತಿತ್ತ ತಿರುಗಿಸಿದಳು.

"ಹೋದ ಸಲದ ಪೆಟ್ಟಿಗೆ ತೆಗೆಯೋಕೇ ಆಗ್ತಿರ್ಲಿಲ್ಲ," ಅಂದಳು. "ಮುಚ್ಚಳ ತುಂಬ ಬಿಗಿ. ನನ್ನ ಉಗುರೇ ಮುರೀತು."

ಮೂಗುಮುರುಕಿ ಮಾದರಿಯನ್ನು ಅವಳ ಕೈಯಿಂದ ತೆಗೆದುಕೊಂಡು ಮುಚ್ಚಳ ಎಳೆದು ನೋಡಿದಳು. ನಿಜವಾಗಿಯೂ ಬಿಗಿಯಾಗಿತ್ತು. ಆ ಪೆಟ್ಟಿಗೆಯ ಬಗ್ಗೆ ಇದುವರೆಗೆ ಯಾರೂ ಹೀಗೆ ಉಪಯೋಗಕ್ಕೆ ಬರುವ ಒಂದು ಮಾತು ಆಡಿರಲಿಲ್ಲ. ಚಾಕು ತೆಗೆದು, ಮುಚ್ಚಳದ ಅಂಚಿನಲ್ಲಿ ಹೆಬ್ಬೆರಳು ಕೂರುವಷ್ಟು ಅರ್ಧಚಂದ್ರ ಕತ್ತರಿಸಿ, ಚೂರನ್ನು ಊದಿ, ತಿರುಗಿ ಕೊಟ್ಟಳು.

ಹುಡುಗಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

"ಇನ್ನೂ ಸ್ವಲ್ಪ ಆಳ ಇದ್ರೆ?" ಎಂದಳು.

ಮೂಗುಮುರುಕಿ ಇನ್ನೊಂದು ಮಾದರಿ ಎಳೆದುಕೊಂಡು ಪೆನ್ಸಿಲಿನಿಂದ ಗುರುತು ಹಾಕಿದಳು.