ಗಿಟಾರಿಗಿಟ್ಟ ಕುಂಕುಮ

ಹೋದ ವರ್ಷ ಆಯುಧಪೂಜೆಯ ಹಿಂದಿನ ಸಂಜೆ, ಮಂಡಿ ಮೊಹಲ್ಲಾದಲ್ಲಿ ಕೊಂಡ ಬೆಸುಗೆ ಕಡ್ಡಿ ಹಿಡಿದು ನನ್ನ ಎಲೆಕ್ಟ್ರಿಕ್ ಗಿಟಾರಿಗೆ ಹೊಸ ಪಿಕಪ್‌ಗಳನ್ನು ಕೂರಿಸಿದ್ದೆ. ಅವುಗಳ ಮೇಲೆ ಮುಚ್ಚಳ ಹಾಕುವುದು ಮಾತ್ರ ಬಾಕಿಯಿತ್ತು. ತಂತಿಯ ಮಿಡಿತವನ್ನು ಹಿಡಿದು ಸ್ಪೀಕರಿಗೆ ಕಳಿಸುವುದೇ ಈ ಪಿಕಪ್ಪು. ಅದರೊಳಗೆ ಸುತ್ತಿರುವ ತಾಮ್ರದ ಎಳೆ ಕೂದಲಿಗಿಂತ ತೆಳು. ಒದ್ದೆಯಾಗಿ ಒಂದು ಕಡೆ ತುಂಡಾದರೂ ಮುಗಿಯಿತು.

ಬೆಳಗ್ಗೆ ಎದ್ದು ನೋಡಿದರೆ ಗಿಟಾರು ದೇವರ ಮುಂದೆ, ಸ್ಕೂಟರ್ ಕೀ ಮತ್ತು ಈಳಿಗೆಮಣೆಯ ಪಕ್ಕದಲ್ಲಿತ್ತು. ಎರಡು ಪಿಕಪ್‌ಗಳ ಮೇಲೂ ಅಮ್ಮ ಆಗತಾನೆ ತೇಯ್ದ ಗಂಧ ಬಳಿದು ಕುಂಕುಮ ಇಟ್ಟಿದ್ದಳು.

"ಏನಮ್ಮಾ ಮಾಡ್ಬುಟ್ಟೆ!" ಎಂದು ಕಿರುಚಿ ಒರೆಸಲು ಹೋದೆ. ಅಮ್ಮ ಕೈ ಹಿಡಿದಳು. "ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಟಬಾರದು ಕಣೋ."

ಇಡೀ ದಿನ ಅನ್ನ ಸೇರಲಿಲ್ಲ. ಮರುದಿನ ಊರೆಲ್ಲ ಜಂಬೂಸವಾರಿಗೆ ಹೊರಟಾಗ ನಾನು ಒಣಗಿದ ಗಂಧ ಕೆರೆದು, ಸ್ಪೀಕರಿಗೆ ಸಿಕ್ಕಿಸಿ, ಸ್ಕ್ರೂಡ್ರೈವರಿನಿಂದ ಪಿಕಪ್‌ಗಳನ್ನು ತಟ್ಟಿದೆ. ಸ್ಪೀಕರಿನಲ್ಲಿ ಟಪ್, ಟಪ್. ಎರಡೂ ಬದುಕಿದ್ದವು. ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು.

ಈ ವರ್ಷ ಗಿಟಾರನ್ನು ನಾನೇ ಒಯ್ದಿಟ್ಟೆ. ಸ್ಕೂಟರ್ ಕೀಗೆ, ಈಳಿಗೆಮಣೆಗೆ ಕುಂಕುಮವಿಟ್ಟ ಅಮ್ಮ ಗಿಟಾರಿನ ಹತ್ತಿರ ಬಂದು, ಬೆರಳು ಹಿಂದಕ್ಕೆಳೆದುಕೊಂಡು, ಮುಂದೆ ಹೋದಳು. ಅಷ್ಟು ಸಾಮಾನುಗಳ ನಡುವೆ ಅದೊಂದೇ ಬೋಳು ಹಣೆಯಲ್ಲಿ ನಿಂತಿತ್ತು. ಹೋದ ವರ್ಷಕ್ಕಿಂತ ಹೆಚ್ಚು ಹೆದರಿದೆ.

"ಅದಕ್ಕೂ ಇಡಮ್ಮ," ಎಂದೆ.