ಹನ್ನೆರಡು ಸಾವಿರ ಜನರ ಪರವಾಗಿ

ನನ್ನ ಸೋದರಮಾವನಷ್ಟು ಪಾಪದ ಮನುಷ್ಯನನ್ನು ನಾನು ನೋಡಿಲ್ಲ. ಅವನಷ್ಟು ತಲೆ ತಿನ್ನುವವನನ್ನೂ ನೋಡಿಲ್ಲ. ಬೀಗ ರಿಪೇರಿ ಮಾಡುವುದು, ಕೀಲಿ ಕಳೆದುಕೊಂಡವರಿಗೆ ಹೊಸ ಕೀಲಿ ಮಾಡಿಕೊಡುವುದು ಅವನ ಕೆಲಸ. ಅಂಗಡಿ ಮನೆಯ ಎದುರಿಗೇ, ರಸ್ತೆ ದಾಟಿದರೆ ಆಯಿತು. ಮನೆಯಲ್ಲಿ ಅವನು ಮತ್ತು ಅತ್ತೆ, ಇಬ್ಬರೇ. ಪಕ್ಕದ ಮನೆಯಲ್ಲಿ ನಾನು. ನಡುವಿನ ಗೋಡೆ ತೀರಾ ತೆಳು. ಅವರ ಜಗಳದಲ್ಲಿ ಯಾರ ಪರ ವಹಿಸಬೇಕೆಂದು ನಾನು ಮಲಗಿದಲ್ಲೇ ತೀರ್ಮಾನಿಸಬಹುದಿತ್ತು.

ಆ ವರ್ಷ ದೇಶದ ಜನರ ಆರೋಗ್ಯದ ಸಮೀಕ್ಷೆ ಶುರುವಾಯಿತು. ನಮ್ಮ ಬೀದಿಯಲ್ಲಿ ಆಯ್ಕೆಯಾದದ್ದು ಮಾವನ ಮನೆ ಒಂದೇ. ಹೆಗಲಿಗೆ ಕಪ್ಪು ಚೀಲ ಹಾಕಿಕೊಂಡು ಸರ್ವೆಯವಳೊಬ್ಬಳು ಬಂದಳು. ಮನೆಗೆ ಒಬ್ಬರನ್ನು ಮಾತ್ರ ಪರೀಕ್ಷಿಸಬೇಕು, ಆ ಒಬ್ಬರು ಯಾರೆಂದು ಅವಳ ಫೋನೇ ಆರಿಸುತ್ತದೆ. ಫೋನು ಮಾವನನ್ನು ಆರಿಸಿತು.

"ಬಿಪಿ ಇರೋಳು ನಾನು, ಅಳೆಯೋದು ಇವರನ್ನಾ?" ಅಂದಳು ಅತ್ತೆ.

ಹಿಂದಿನ ವರ್ಷ ಅವಳು ಬಿಪಿ ಏರಿ ಬಚ್ಚಲಲ್ಲಿ ಬಿದ್ದು ಎಡಗೈ ಒಂದು ವಾರ ಮರಗಟ್ಟಿತ್ತು. ಮಾತ್ರೆ ಒಂದು ದಿನವೂ ತಪ್ಪಬಾರದು, ತಪ್ಪಿದರೆ ಮುಂದಿನ ಸಲ ಕೈ ವಾಪಸ್ಸು ಬರುವುದಿಲ್ಲ ಎಂದು ಬೀದಿಯ ತುದಿಯ ಸರ್ಕಾರಿ ಕ್ಲಿನಿಕ್ಕಿನ ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು. ಮಾತ್ರೆ ಅಲ್ಲೇ ಪುಕ್ಕಟೆ ಸಿಗುತ್ತಿತ್ತು.

"ನಾನೇನ್ ಮಾಡ್ಲಿ ಅಮ್ಮ, ಫೋನ್ ಹೇಳಿದ್ದೇ ಕೊನೆ," ಎಂದು ಸರ್ವೆಯವಳು ಮಾವನ ತೋಳಿಗೆ ಪಟ್ಟಿ ಸುತ್ತಿದಳು. ಐದೈದು ನಿಮಿಷ ಬಿಟ್ಟು ಮೂರು ಸಲ ಅಳೆದಳು. ಮೊದಲನೆಯದನ್ನು ಕೈಬಿಟ್ಟಳು. "ಅದು ಹೆದರಿಕೆಯದು, ಲೆಕ್ಕಕ್ಕಿಲ್ಲ." ಉಳಿದೆರಡೂ ಸೊಗಸಾಗಿದ್ದವು. ಅಷ್ಟಕ್ಕೇ ಎದ್ದು ಹೋಗಿದ್ದರೆ ನಾನು ಇದನ್ನೆಲ್ಲ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಅಂದಳು: "ನೀವು ಒಬ್ರೇ ಅಂದ್ಕೋಬೇಡಿ ಯಜಮಾನ್ರೇ. ನಿಮ್ಮಂಥ ಹನ್ನೆರಡು ಸಾವಿರದ ಮುನ್ನೂರ ನಲವತ್ತು ಜನರ ಪರವಾಗಿ ಕೂತಿದ್ರಿ. ನಿಮ್ಮದು ಹೇಗೋ ಅವರದ್ದೂ ಹಾಗೇ ಅಂತ ಮೇಲಿನವರು ಲೆಕ್ಕ ಹಾಕ್ತಾರೆ."

ಮಾವನ ತಲೆಗೆ ಅದು ಹತ್ತಿಕೊಂಡುಬಿಟ್ಟಿತು. ಮರುದಿನದಿಂದ ಬೆಳಿಗ್ಗೆ ಐದಕ್ಕೆ ಎದ್ದು ನಡೆಯತೊಡಗಿದ. ಉಪ್ಪು ಕಡಿಮೆ ಮಾಡಿದ, ಚಹಾಕ್ಕೆ ಸಕ್ಕರೆ ಬಿಟ್ಟ. ನಾನು ಬಿಸ್ಕತ್ತು ಕೊಟ್ಟರೆ, "ಬೇಡಮ್ಮ, ನಾನೊಂದು ತಿಂದ್ರೆ ಹನ್ನೆರಡು ಸಾವಿರ ಬಿಸ್ಕತ್ತಾಗತ್ತೆ," ಅನ್ನುವನು. ಬೀದಿಯವರು ಅವನಿಗೆ 'ಹನ್ನೆರಡು ಸಾವಿರ' ಎಂದೇ ಹೆಸರಿಟ್ಟರು. "ಏನ್ ಹನ್ನೆರಡು ಸಾವಿರ, ಎಲ್ಲರೂ ಆರಾಮಾ?" ಎಂದು ಯಾರಾದರೂ ಕಿಚಾಯಿಸಿದರೆ ಇವನು ಕೀಲಿ ಉಜ್ಜುತ್ತಿದ್ದ ಅರ ಕೆಳಗಿಟ್ಟು, ಗಂಭೀರವಾಗಿ, "ಎಲ್ಲರೂ ಆರಾಮು," ಎಂದು ಉತ್ತರ ಕೊಡುವನು. ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ನಾಲ್ಕು ತಿಂಗಳಾಗಿರಬೇಕು. ಆರೋಗ್ಯ ಇಲಾಖೆಯ ಜವಾನನೊಬ್ಬ ಅಂಗಡಿಗೆ ಬಂದು ಗಟ್ಟಿಮುಟ್ಟಾದ ಬೀಗ ಕೇಳಿದ.

"ಯಾವ ಬಾಗಿಲಿಗೆ?"

"ಈ ತುದೀಲಿದೆಯಲ್ಲ, ಕ್ಲಿನಿಕ್ಕು. ಮುಚ್ತಾ ಇದೀವಿ. ಈ ಕಡೆಯವರು ಭಾರೀ ಆರೋಗ್ಯವಂತರು ಅಂತ ಸಮೀಕ್ಷೇಲಿ ಬಂತಂತೆ."

ಮಾವನೇ ಹೋಗಿ ಬೀಗ ಜಡಿದು ಬಂದ. ಬಂದವನು ಸ್ಟೂಲಿನ ಮೇಲೆ ಕೂತು ಗಳಗಳ ಅತ್ತುಬಿಟ್ಟ. "ನಾನೇ ಕಣಮ್ಮ ಮುಚ್ಚಿಸಿದ್ದು. ಕೈಯಾರೆ ಇವಳ ಮಾತ್ರೆ ಕಿತ್ಕೊಂಡೆ." ಒಬ್ಬ ಬೀಗದವನ ತೋಳು ಹಿಡಿದು ನೋಡಿ ಕ್ಲಿನಿಕ್ಕು ಮುಚ್ಚುವವರಿಗೆ ಬುದ್ಧಿ ನೆಟ್ಟಗಿದೆಯಾ ಎಂದು ನಾನು ಕೂಗಾಡಿದೆ. ಜವಾನ ಬೀಗಕ್ಕೆ ರಸೀದಿ ಕೇಳಿದ.

ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಮಾವ ಎರಡು ಬಸ್ಸು ಹಿಡಿದು ದೊಡ್ಡಾಸ್ಪತ್ರೆಗೆ ಹೋಗತೊಡಗಿದ. ಬೆಳಿಗ್ಗೆ ಸಾಲಿನಲ್ಲಿ ನಿಂತರೆ ಮಧ್ಯಾಹ್ನ ಮೂರಕ್ಕೆ ಮಾತ್ರೆ. ಅತ್ತೆಗೆ ಒಂದು ದಿನವೂ ತಪ್ಪಲಿಲ್ಲ, ಆದರೆ ಇವನಿಗೂ ಅರವತ್ತರ ಹತ್ತಿರ. ಸೊಂಟ ಹಿಡಿದುಕೊಂಡಿತು. ಕೊನೆಗೆ ಸರ್ವೆಯವಳ ಆಫೀಸು ಹುಡುಕಿಕೊಂಡು ಹೋಗಿ ಗೋಗರೆದ: "ಮುಂದಿನ ಸಲ ನಮ್ಮವಳನ್ನ ಅಳೀರಿ ತಾಯಿ."

"ಆಗಲ್ಲ. ಐದು ವರ್ಷ, ವರ್ಷಕ್ಕೊಮ್ಮೆ ಬಂದು ನಿಮ್ಮನ್ನೇ ಅಳೆಯೋದು. ನೀವು ಮನೆ ಬಿಟ್ಟು ಹೋದ್ರೆ ಮಾತ್ರ ಬೇರೆಯವರು." ಅವಳು ನಿಯಮದ ಪುಸ್ತಕ ತೆಗೆದು ಓದಿದಳು. ಒಂದೇ ಒಲೆಯಲ್ಲಿ ಬೇಯಿಸಿದ್ದನ್ನು ತಿನ್ನುವವರೆಲ್ಲ ಒಂದು ಮನೆ. ಆರು ತಿಂಗಳು ಬೇರೆ ಒಲೆಯಲ್ಲಿ ತಿಂದರೆ ಬೇರೆ ಮನೆ.

ಆ ಸಂಜೆಯೇ ಮಾವ ಒಂದು ಸೀಮೆಎಣ್ಣೆ ಸ್ಟವ್ ತಂದು ಅಂಗಡಿಯಲ್ಲಿಟ್ಟ. ಮದುವೆಯಾಗಿ ಮೂವತ್ತೊಂದು ವರ್ಷವಾಗಿತ್ತು.

"ನನ್ನ ಕೈಯಡುಗೆ ಅಷ್ಟು ಬೇಡವಾಯ್ತಾ?" ಅಂದಳು ಅತ್ತೆ.

"ನಿನ್ನ ಒಳ್ಳೇದಕ್ಕೇ ಕಣೇ. ಆರೇ ತಿಂಗಳು. ಆಮೇಲೆ ನಿನ್ನನ್ನ ಅಳೀತಾರೆ, ಕ್ಲಿನಿಕ್ಕು ತೆಗೀತಾರೆ."

ಬೀದಿಯವರು ಬಾಯಿಗೆ ಬಂದಂತೆ ಆಡಿಕೊಂಡರು. ಅತ್ತೆ ಹೊಸ್ತಿಲಲ್ಲಿ ಕೂತು ರಸ್ತೆಯಾಚೆಗೆ ಕೂಗುವಳು, "ತಳ ಹಿಡೀತಿದೆ, ಉರಿ ಸಣ್ಣ ಮಾಡ್ರೀ!" ಇವನು ಸಣ್ಣ ಮಾಡುವನು. ಒಂದು ದಿನ ಅವಳು ಚಹಾ ತಂದುಕೊಟ್ಟರೆ ಈ ಮಹಾಶಯ ಮುಟ್ಟಲಿಲ್ಲ. ಚಹಾವೂ ಆ ಒಲೆಯದೇ ಅಲ್ಲವಾ! ಅತ್ತೆ ಲೋಟವನ್ನು ಅವನ ಮುಂದೆಯೇ ಮೋರಿಗೆ ಸುರಿದು ಬಂದಳು. ಆಮೇಲೆ ಅವಳು ಅಳುವುದು ಗೋಡೆಯಾಚೆಯಿಂದ ನನಗೆ ಕೇಳಿಸಿತು.

ಅಂತೂ ಸರ್ವೆಯವಳು ಬಂದಳು. ಮನೆಯಲ್ಲಿ ಅತ್ತೆ ಒಬ್ಬಳೇ ಇದ್ದದ್ದರಿಂದ ಫೋನು ಅವಳನ್ನೇ ಆರಿಸಿತು. ಮಾವ ಬೇರೆ ಮನೆಯವನು, ಒಳಗೆ ಬರುವಂತಿಲ್ಲ, ಕಿಟಕಿಯ ಸರಳು ಹಿಡಿದು ನಿಂತ. ಮೊದಲನೆಯ ಸಲ ನೂರ ಎಪ್ಪತ್ತು ತೋರಿಸಿತು. ಹೆಂಡತಿಯ ಬಿಪಿ ಏರಿದ್ದಕ್ಕೆ ಅಷ್ಟು ಹಿಗ್ಗಿದ ಗಂಡನನ್ನು ನಾನು ಬೇರೆಲ್ಲೂ ಕಂಡಿಲ್ಲ.

"ಇದು ಹೆದರಿಕೆಯದು, ಬಿಡೋಣ," ಅಂದಳು ಸರ್ವೆಯವಳು.

"ನನ್ನ ಹೆದರಿಕೆ ಯಾವತ್ತು ತಾನೇ ಲೆಕ್ಕಕ್ಕಿತ್ತು?" ಅಂದಳು ಅತ್ತೆ.

ಉಳಿದೆರಡು ಸಲವೂ ನೂರ ಇಪ್ಪತ್ತೆರಡು. ಮಾತ್ರೆ ತನ್ನ ಕೆಲಸ ಮಾಡಿತ್ತು. ಕಿಟಕಿಯಲ್ಲಿ ಮಾವನ ಮುಖ ಸಪ್ಪಗಾಯಿತು.

"ಮಾತ್ರೆ ಯಾರು ತಂದುಕೊಡ್ತಾರೆ?" ಇದು ಮುಂದಿನ ಪ್ರಶ್ನೆ.

"ನನ್ನ ಗಂಡ."

ಫೋನು ಒಪ್ಪಲಿಲ್ಲ. ಈ ಮನೆಯಲ್ಲಿ ಗಂಡ ಎನ್ನುವವನು ಇಲ್ಲ ಎಂದು ಕೆಂಪಗಾಯಿತು. ಸರ್ವೆಯವಳು ಮೂರು ಸಲ ಒತ್ತಿದಳು, ಮೂರು ಸಲವೂ ಕೆಂಪು. ಎಷ್ಟು ದೂರದಲ್ಲಿದ್ದಾರೆ ಎಂದು ಕೇಳಿದಳು. ಅತ್ತೆ ಕಿಟಕಿಯತ್ತ ಕೈ ತೋರಿಸಿದಳು. ಸರ್ವೆಯವಳು 'ನೆರೆಯವರು' ಎಂದು ಒತ್ತಿದಳು. ಫೋನು ಹಸಿರಾಯಿತು. ನಿಜವಾದ ನೆರೆಯವಳು ನಾನು ಅಲ್ಲೇ ನಿಂತಿದ್ದೆ. ಅದುವರೆಗೆ ಒಂದು ಮಾತ್ರೆಯನ್ನೂ ತಂದುಕೊಟ್ಟವಳಲ್ಲ.

ಮೂರು ತಿಂಗಳಿಗೆ ವರದಿ ಬಂತು. ಈ ಭಾಗದಲ್ಲಿ ನೆರೆಹೊರೆಯವರು ರೋಗಿಗಳನ್ನು ನೋಡಿಕೊಳ್ಳುವ ರೀತಿ ದೇಶಕ್ಕೇ ಮಾದರಿಯಂತೆ. ಕ್ಲಿನಿಕ್ಕು ತೆರೆಯುವ ಅಗತ್ಯವಿಲ್ಲವಂತೆ, ನೆರೆಯವರಿಗೆ ಪ್ರೋತ್ಸಾಹ ಕೊಟ್ಟರೆ ಸಾಕಂತೆ. ದೊಡ್ಡಾಸ್ಪತ್ರೆಯಲ್ಲಿ ನೆರೆಯವರಿಗೆಂದೇ ಬೇರೆ ಕೌಂಟರು ತೆರೆದರು. ಫ್ಯಾನು, ಕುರ್ಚಿಗಳು, ಕುಡಿಯುವ ನೀರು. ಗಂಡ, ಹೆಂಡತಿ, ಮಕ್ಕಳು ಮಾತ್ರ ಹಳೆಯ ಸಾಲಿನಲ್ಲೇ ನಿಲ್ಲಬೇಕು. ಮಾವನಿಗೆ ಫೋಟೋ ಅಂಟಿಸಿದ ನೆರೆಯವರ ಕಾರ್ಡು ಬಂತು. ಕೌಂಟರಿನಲ್ಲಿ ಇನ್ಯಾರೂ ಇರುತ್ತಿರಲಿಲ್ಲ. ಹತ್ತು ನಿಮಿಷದಲ್ಲಿ ಮಾತ್ರೆ ಕೈಯಲ್ಲಿ.

ಈಗ ಅವನು ಮನೆಗೆ ಬರಲೊಲ್ಲ. "ಬಂದ್ರೆ ಕಾರ್ಡು ಹೋಗತ್ತೆ. ಒಲೆ ಬೇರೆ ಇದೆಯಾ ಅಂತ ಬಂದು ನೋಡ್ತಾರೆ. ನನ್ನ ಸೊಂಟ ಬಿದ್ರೆ ನಿಂಗೆ ಮಾತ್ರೆ ತರೋರು ಯಾರೇ?"

ನಾನು ತರುತ್ತೇನೆ, ಕಾರ್ಡು ನನಗೆ ಕೊಡಿ ಎಂದು ಇಲಾಖೆಗೆ ಹೋಗಿ ಕೇಳಿದೆ. ನಾನು ಸಂಬಂಧಿಕಳಂತೆ, ನೆರೆಯವಳಾಗಲು ಬರುವುದಿಲ್ಲವಂತೆ. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಒಂದು ಭಾನುವಾರ ಅತ್ತೆ ಸೆರಗು ಸಿಕ್ಕಿಸಿಕೊಂಡು ರಸ್ತೆ ದಾಟಿದಳು. ಸ್ಟವ್ ಮೇಲೆ ಅನ್ನ ಕುದಿಯುತ್ತಿತ್ತು. ಪಾತ್ರೆ ಇಳಿಸಿ, ಉರಿ ಆರಿಸಿ, ಬಟ್ಟೆ ಸುತ್ತಿ ಸ್ಟವ್ವನ್ನೇ ಎತ್ತಿಕೊಂಡಳು. ಭಾರವೆಲ್ಲ ಬಲಗೈಗೆ.

"ಏ, ಏನ್ ಮಾಡ್ತಿದೀಯ? ಮಾತ್ರೆ..."

"ಮಾತ್ರೆ ತಿಂದು ಬದುಕಿ ಗೋಡೆ ನೋಡ್ತಾ ಊಟ ಮಾಡ್ಲಾ? ವರ್ಷ ಆಗ್ತಾ ಬಂತು. ನನಗೆ ನೆರೆಯವರು ಬೇಡ, ನೀವು ಬೇಕು. ಸಾಲು ಉದ್ದ ಇದ್ರೆ ಇರ್ಲಿ. ಇಬ್ರೂ ಒಟ್ಟಿಗೆ ಹೋಗಿ ನಿಲ್ಲೋಣ."

ಮಾವ ಅನ್ನದ ಪಾತ್ರೆ ಎತ್ತಿಕೊಂಡು ಅವಳ ಹಿಂದೆ ನಡೆದ. ಅನ್ನ ಅರೆಬೆಂದಿತ್ತು, ಅವಳ ಒಲೆಯ ಮೇಲಿಟ್ಟು ಬೇಯಿಸಿಕೊಂಡು ತಿಂದರು.

ಮುಂದಿನ ಸಲ ನಾನೂ ರಜೆ ಹಾಕಿ ಅವರ ಜೊತೆ ಹೋದೆ. ನೆರೆಯವರ ಕೌಂಟರಿನಲ್ಲಿ ಖಾಲಿ ಕುರ್ಚಿಗಳ ಮೇಲೆ ಫ್ಯಾನು ತಿರುಗುತ್ತಿತ್ತು. ನಮ್ಮ ಸಾಲು ಔಷಧಿಯ ಕಿಟಕಿಯಿಂದ ಹೊರಟು, ಮೆಟ್ಟಿಲಿಳಿದು, ಗೇಟು ದಾಟಿ, ಕಾಂಪೌಂಡನ್ನು ಸುತ್ತಿ ಬಸ್‌ಸ್ಟಾಪಿನವರೆಗೆ ಇತ್ತು. ಬಿಸಿಲಿಗೆ ಚೀಟಿಯನ್ನು ತಲೆಯ ಮೇಲೆ ಹಿಡಿದವರು, ಊರುಗೋಲಿನವರು, ಜಾಗಕ್ಕೆ ಚಪ್ಪಲಿ ಬಿಟ್ಟು ನೆರಳಲ್ಲಿ ಕೂತವರು. ಹಿಂದೆ ಅಷ್ಟು ತಿಂಗಳು ಮಾವ ಸೊಂಟದ ನೋವಿಗೆ ತಲೆ ತಗ್ಗಿಸಿಕೊಂಡೇ ಅಲ್ಲಿ ನಿಂತಿದ್ದನೋ ಏನೋ. ಆ ದಿನ ಅತ್ತೆಯ ಕೈ ಹಿಡಿದುಕೊಂಡು ಅಷ್ಟುದ್ದಕ್ಕೂ ಒಬ್ಬೊಬ್ಬರ ಮುಖ ನೋಡಿದ.

"ಏ, ನೋಡೇ," ಅಂದ ಮೆಲ್ಲಗೆ. "ನಮ್ಮ ಹನ್ನೆರಡು ಸಾವಿರದವರು. ಎಲ್ಲಾ ಇಲ್ಲೇ ನಿಂತಿದಾರೆ. ನಾನು ಎಲ್ಲರೂ ಆರಾಮು ಅಂತ ಹೇಳ್ಕೊಂಡು ತಿರುಗ್ತಿದ್ದೆ."

ಅತ್ತೆ ಅವನ ಕಣ್ಣನ್ನು ಸೆರಗಿನಲ್ಲಿ ಒರೆಸಿದಳು. "ಸರಿ, ಮುಂದೆ ನಡೀರಿ. ಸಾಲು ಸರೀತಿದೆ."