ಮೂರು ಯುಗಾದಿಗೆ ಒಮ್ಮೆ

ಇವತ್ತು ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ತುರ್ಕಿ ಭಾಷೆಯ ಪಾಠ ನಡೆದಿತ್ತು. ಜಮಖಂಡಿಯ ಮನೆಯೊಳಗೆ ತುರ್ಕಿ ಎಲ್ಲಿಂದ ಬಂತು ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಮೊಮ್ಮಗಳಿಗೆ ಆ ದೇಶದ ಧಾರಾವಾಹಿಗಳ ಹುಚ್ಚು. ನೋಡಿದ್ದು ಸಾಲದೆ ಈಗ ಮೊಬೈಲಿನಲ್ಲಿ ಭಾಷೆಯನ್ನೂ ಕಲಿಯುತ್ತಿದ್ದಾಳೆ. "ಅಜ್ಜಾ, ನೀ ಮಾಸ್ತರ ಇದ್ದಿ, ಒಪ್ಪಿಸಿಕೋ" ಎಂದು ಎದುರಿಗೆ ಕುಳಿತು ಶುರುಮಾಡಿದಳು: "ಹೆರ್ ಜಮಾನ್ ಅಂದ್ರ ಯಾವಾಗಲೂ. ಸಿಕ್ ಸಿಕ್ ಅಂದ್ರ ಆಗಾಗ. ಬಾಜೆನ್ ಅಂದ್ರ ಒಮ್ಮೊಮ್ಮೆ. ಆಸ್ಲಾ ಅಂದ್ರ ಎಂದೂ ಇಲ್ಲ." ಅವಳು ಸರಿಯಾಗಿ ಹೇಳಿದಳೋ ತಪ್ಪು ಹೇಳಿದಳೋ ನನಗೆ ತಿಳಿಯದು. ‘ಆಗಾಗ’ ಎಂಬಲ್ಲಿಯೇ ನನ್ನ ಗಮನ ತಪ್ಪಿತ್ತು.

ಇದೇ ಪಟ್ಟಿಯನ್ನು ನಾನೂ ಒಬ್ಬರಿಗೆ ಕಲಿಸಿದ್ದೆ. ಆಗ ನಾನು ಬನಹಟ್ಟಿಯ ಸಾಲೆಯಲ್ಲಿ ಕನ್ನಡ ಮಾಸ್ತರ. ಹೊಸದಾಗಿ ಮದುವೆಯಾಗಿತ್ತು. ಹೆಂಡತಿ ಸಿಂಧು ಮೀರಜಿನವಳು, ಮರಾಠಿಯ ಹೊರತು ಒಂದಕ್ಷರ ಬಾರದು. ನನಗೆ ಮರಾಠಿ ಚೆನ್ನಾಗಿಯೇ ಬರುತ್ತಿತ್ತು, ಆದರೂ ಮಾಸ್ತರಿಕೆ ಸುಮ್ಮನಿರಗೊಡಬೇಕಲ್ಲ? ಸಂಜೆ ಓಣಿಯಲ್ಲಿ ಮಗ್ಗಗಳ ಸದ್ದು ನಿಂತ ಮೇಲೆ ಅವಳ ಮುಂದೆ ಪಾಟಿ ಇಟ್ಟುಕೊಂಡು ಕೂರುತ್ತಿದ್ದೆ. ಯಾವಾಗಲೂ, ಆಗಾಗ, ಒಮ್ಮೊಮ್ಮೆ, ಎಂದೂ ಇಲ್ಲ. ಅವಳು ಗಿಣಿಪಾಠ ಒಪ್ಪಿಸುತ್ತಿದ್ದಳು, ನಾನು ಮೀಸೆಯಡಿಯಲ್ಲಿ ನಗುತ್ತಿದ್ದೆ.

ಈ ಪಾಠವನ್ನು ಮೊದಲು ಕೆಡಿಸಿದವಳು ಬಾಳವ್ವ. ಕುರುಬರ ದೇವರು ಬೀರಪ್ಪನ ಒಕ್ಕಲು, ಕುರಿ ಎಮ್ಮೆ ಕಟ್ಟಿಕೊಂಡ ಮನೆತನದವಳು. ನಮ್ಮ ಬಾಗಿಲಿಗೆ ಬೆಣ್ಣೆ ತರುತ್ತಿದ್ದಳು. ಸಿಂಧು ತನ್ನ ಹೊಸ ಕನ್ನಡವನ್ನು ಅವಳ ಮೇಲೆ ಪ್ರಯೋಗಿಸಿ, "ನೀವು ಬೆಣ್ಣೆಯನ್ನು ಆಗಾಗ ತರುತ್ತೀರಾ?" ಎಂದು ಕೇಳಿದಳು.

"ಆಗಾಗ ಅಂದ್ರ ಏನ ತಂಗಿ? ಸಂತಿಗೊಮ್ಮಿ ತರ್ತೇನಿ. ಎಮ್ಮಿ ಈದ್ರ ನಡಬರಕ ಇನ್ನೊಮ್ಮಿ ತರ್ತೇನಿ. ಬತ್ತಿದ್ರ ಅಮಾಸಿಗೊಮ್ಮಿ ಹುಣ್ಣಿವಿಗೊಮ್ಮಿ."

"ಯಾವಾಗಲೂ ತರುವುದಿಲ್ಲವೇ?"

"ಯಾವಾಗ್ಲೂ ಅನ್ನಾಕ ನಾ ಏನ್ ಬೀರಪ್ಪನs?" ಎಂದು ಬಾಳವ್ವ ನಕ್ಕಳು.

ಅಂದಿನಿಂದ ನನ್ನ ಶಿಷ್ಯೆ ಗುರುವನ್ನು ಬದಲಿಸಿದಳು. ಆರು ತಿಂಗಳಲ್ಲಿ ಅವಳ ಬಾಯಲ್ಲಿ ‘ಐತಿ’, ‘ಆತು’, ‘ಹೋಗಾಕತ್ತೇನಿ’ ಎಲ್ಲ ಬಂದವು. ನೆರೆಯ ನೇಕಾರರ ಹೆಣ್ಣುಮಕ್ಕಳು ಅವಳೊಡನೆ ಹರಟೆಗೆ ಬಂದು ಕೂತರು. ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ವ್ಯಾಕರಣ ಕಲಿಸಿದವನು ನಾನು, ಹೆಸರು ಬೆಣ್ಣೆಯವಳಿಗೆ.

ಆದರೆ ‘ಆಗಾಗ’ ಎಂಬ ಮಾತನ್ನು ನಾನು ಪಾಟಿಯ ಮೇಲೆ ಬರೆದದ್ದಷ್ಟೇ ಅಲ್ಲ, ಒಬ್ಬರಿಗೆ ಕೊಟ್ಟೂ ಇದ್ದೆ. ಮದುವೆಯ ಚಪ್ಪರದಲ್ಲಿ ಅತ್ತೆ ನನ್ನ ಕೈ ಹಿಡಿದು, ಒಬ್ಬಳೇ ಮಗಳು, ಕಳಿಸುತ್ತಿರಿ ಎಂದಿದ್ದರು. "ಆಗಾಗ ಕಳಿಸುತ್ತೇನೆ" ಎಂದಿದ್ದೆ. ಅವರು ವಿಧವೆ, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ದೂರವಾದರೂ ಎಷ್ಟು? ಕುಡಚಿಯವರೆಗೆ ಬಸ್ಸು, ಅಲ್ಲಿಂದ ರೈಲು. ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಮೀರಜು. ಆಗ ಎರಡೂ ಊರು ಒಂದೇ ಮುಂಬಯಿ ರಾಜ್ಯದಲ್ಲಿದ್ದವು, ನಡುವೆ ಗಡಿಯ ನೆಪ ಕೂಡ ಇರಲಿಲ್ಲ. ನನಗೆ ನೆಪ ಬೇಕಾದರೆ ಪರೀಕ್ಷೆ ಇತ್ತು, ಇನ್ಸ್‌ಪೆಕ್ಟರ ಬರುವುದಿತ್ತು. ನಿಜ ಹೇಳಬೇಕೆಂದರೆ ನನಗೆ ಬಿಸಿ ರೊಟ್ಟಿ ಬೇಕಾಗಿತ್ತು.

ಒಮ್ಮೆ ಬಾಳವ್ವ ನನ್ನನ್ನೇ ಹಿಡಿದಳು. "ಮಾಸ್ತರ, ತಂಗಿ ತವರಿಗೆ ಎಷ್ಟಕ್ಕೊಮ್ಮಿ ಹೋಗ್ತಾಳ್ರಿ?"

"ಆಗಾಗ."

"ಅದs, ಎಷ್ಟಕ್ಕೊಮ್ಮಿರಿ?"

ಸಾಲೆಗೆ ಹೊತ್ತಾಯಿತೆಂದು ಕೊಡೆ ತೆಗೆದುಕೊಂಡು ಹೊರಟುಬಿಟ್ಟೆ.

ಮೀರಜಿನಿಂದ ಕಾರ್ಡು ಬರುತ್ತಿದ್ದವು. ಬರಬರುತ್ತ ಅತ್ತೆಯ ಅಕ್ಷರ ದಪ್ಪವಾಯಿತು, ಸಾಲುಗಳು ಸೊಟ್ಟಾದವು. ನಾನು ಕಾರ್ಡು ನೋಡಿ, "ನಿಮ್ಮವ್ವನ ಅಕ್ಷರ ಕೆಟ್ಟು ಹೋತಲ್ಲ" ಎಂದೆ. ಹುಡುಗರ ಕಾಪಿ ತಿದ್ದಿ ತಿದ್ದಿ ನನಗೆ ಅಷ್ಟೇ ಕಾಣುತ್ತಿತ್ತು. ಅವು ಮಂಜಾಗುತ್ತಿದ್ದ ಕಣ್ಣುಗಳು ಬರೆದ ಅಕ್ಷರ ಎಂದು ಸಿಂಧುವಿಗೆ ಗೊತ್ತಾಗಿತ್ತು.

ಆ ಸಂಜೆ ಅವಳು ನನ್ನೆದುರು ನಿಂತು, ನಿಧಾನವಾಗಿ, ಪೂರ್ತಿ ಕನ್ನಡದಲ್ಲಿ ಹೇಳಿದಳು: "ನೀವು ಆಗಾಗ ಕಳಸ್ತೇನಿ ಅಂದಿದ್ರಿ. ಮೂರು ಉಗಾದಿ ಆತು. ನಾ ಒಮ್ಮಿ ಅಷ್ಟ ಹೋಗಿ ಬಂದೇನಿ."

ನಾನೇನು ಮಾಡಿದೆ ಗೊತ್ತೇ? ತಿದ್ದಿದೆ. "ಮೂರು ಯುಗಾದಿ, ಬಹುವಚನ. ‘ಆದವು’ ಅನಬೇಕು" ಎಂದೆ.

ಅವಳು ಒಂದು ಕ್ಷಣ ನನ್ನನ್ನು ನೋಡಿದಳು. "ಆದವು" ಎಂದಳು. ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಇಷ್ಟು ವರ್ಷಗಳ ಮೇಲೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮುಂದಿನ ಕಾರ್ಡು ಬಂದಾಗ ಅಕ್ಷರ ಮುದ್ದಾಗಿತ್ತು. ನೆರೆಮನೆಯವರು ಬರೆದಿದ್ದರು: ಕಣ್ಣು ಪೂರ್ತಿ ಹೋದವು, ಮಗಳನ್ನು ಕೇಳುತ್ತಾರೆ. ಮರುದಿನವೇ ಹೊರಟೆವು. ರೈಲಿನಲ್ಲಿ ಸಿಂಧು ನನ್ನೊಡನೆ ಯಾವ ಭಾಷೆಯಲ್ಲೂ ಮಾತಾಡಲಿಲ್ಲ.

ಅತ್ತೆ ಹೊರಸಿನ ಮೇಲೆ ಕುಳಿತಿದ್ದರು. ಮಗಳ ಮುಖವನ್ನು ಎರಡೂ ಕೈಯಿಂದ ಸವರಿದರು, ಹಣೆ, ಮೂಗುಬೊಟ್ಟು, ಕಿವಿ. ಸೊರಗಿದ್ದೀ ಎಂದರು. ಆಮೇಲೆ ದನಿ ತಗ್ಗಿಸಿ, ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದುದು ತಿಳಿಯದೆ, ಮರಾಠಿಯಲ್ಲಿ ಕೇಳಿದರು: "ಅಳಿಯಂದಿರು ಕಳಿಸುವುದಿಲ್ಲವೇನೇ?"

ಸಿಂಧು ತಲೆಯೆತ್ತಿ ನನ್ನನ್ನು ನೋಡಿದಳು. "ಹೇ ನೇಹಮೀ ಮ್ಹಣತಾತ, ಜಾ ಮ್ಹಣೂನ. ಮೀಚ ಯೇತ ನಾಹೀ" ಎಂದಳು. ಇವರು ಯಾವಾಗಲೂ ಹೋಗು ಅಂತಾರೆ, ನಾನೇ ಬರುವುದಿಲ್ಲ.

ಬಾಯಿ ತೆರೆದು ನಿಜ ಹೇಳಬಹುದಿತ್ತು. ಹೇಳಲಿಲ್ಲ. ಅತ್ತೆ ನನ್ನನ್ನು ಹತ್ತಿರ ಕರೆದು, ನಿಮ್ಮಂಥ ಅಳಿಯ ಸಿಗಬೇಕಾದರೆ ಪುಣ್ಯ ಬೇಕು ಎಂದು ತಲೆಯ ಮೇಲೆ ಕೈಯಿಟ್ಟರು. ತಲೆ ಬಾಗಿಸಿ ಆ ಆಶೀರ್ವಾದವನ್ನೂ ತೆಗೆದುಕೊಂಡೆ. ಅಲ್ಲಿಂದಾಚೆ ತಿಂಗಳಿಗೊಮ್ಮೆ ನಾನೇ ಕುಡಚಿಗೆ ಹೋಗಿ ಸಿಂಧುವನ್ನು ರೈಲು ಹತ್ತಿಸಿ ಬರುತ್ತಿದ್ದೆ. ನಾಲ್ಕು ಸಲ ಹತ್ತಿಸಿದೆ. ಐದನೆಯದಕ್ಕೆ ಅತ್ತೆ ಇರಲಿಲ್ಲ. ಈಗ ಸಿಂಧುವೂ ಹೋಗಿ ಒಂಬತ್ತು ವರ್ಷವಾಯಿತು. ಈ ಸಂಗತಿಯನ್ನು ನಾವಿಬ್ಬರೂ ಒಮ್ಮೆಯೂ ಆಡಲಿಲ್ಲ, ಬೇರೆ ಯಾರಿಗೂ ನಾನು ಹೇಳಿರಲಿಲ್ಲ.

ಇವತ್ತು ಹೇಳಿದೆ. ಮೊಮ್ಮಗಳು ಮೊಬೈಲು ಕೆಳಗಿಟ್ಟು ಪೂರ್ತಿ ಕೇಳಿದಳು. ಕೇಳಿ ಹುಬ್ಬು ಗಂಟಿಕ್ಕಿದಳು.

"ಅಲ್ಲಜ್ಜಾ, ನಮ್ಮ ಮುಂದ ಅಜ್ಜಿ ಬ್ಯಾರೆನ ಹೇಳ್ತಿದ್ದಳಲ್ಲ. ನಿಮ್ಮಜ್ಜ ಯಾವಾಗ್ಲೂ ನನ್ನ ತವರಿಗೆ ಕಳಸ್ತಿದ್ದ, ಒಮ್ಮಿನೂ ಇಲ್ಲ ಅಂದಾಂವ ಅಲ್ಲ, ಅಂತ."



"ಇಲ್ಲವ್ವಾ" ಎಂದೆ. "ಮೂರು ವರ್ಷದಾಗ ಒಮ್ಮಿ."